ನೀಲವ್ವ ವೈನಿಯ ಒಂಟಿಪೆಟ್ಟಿಗೆ

ಬನ್ನಿಗಿಡದ ಬೀದಿ, ಗದಗ
ಫೆಬ್ರವರಿ ೩೧, ೨೧೮೮

ಇದೇ ಜಾಗದಲ್ಲಿ, ನಮಗಿಂತ ಬಹಳ ಹಿಂದೆ ಮನೆ ಮಾಡಿಕೊಂಡಿರುವ ಹಿರಿಯರಿಗೆ ಸುವರ್ಣಾ ಗಾಣಿಗೇರಳ ಶರಣು ಶರಣಾರ್ಥಿ.

ತಾರೀಖು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ದೊಡ್ಡ ಗಲಾಟೆಯಾಗಿ, ಮೇ ತಿಂಗಳಿನಿಂದ ಒಂದಿಷ್ಟು ದಿನ ಕಿತ್ತು ಇಲ್ಲಿಗೆ ಸೇರಿಸಿದರು. ಮೇ ಚಿಕ್ಕದಾದರೆ ಬೇಸಿಗೆಯೂ ಚಿಕ್ಕದಾದೀತು ಎಂಬ ಆಸೆ ಅವರಿಗಿತ್ತಂತೆ. ಬೇಸಿಗೆ ಇದ್ದಲ್ಲಿಯೇ ಇದೆ. ಭಾಷೆಯ ವಿಷಯಕ್ಕೂ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣಗಳನ್ನು ಕೇಳಿ ಕಲಿತವಳು ನಾನು, ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಬಹುದು. ಅಲ್ಲಲ್ಲಿ ಬಿಡಿಸಿ ಹೇಳುತ್ತ ಹೋಗುತ್ತೇನೆ. ಅಕ್ಷರ ಸೊಟ್ಟಗಾದರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ. ಹೆದರಿಕೆ ಸ್ವಲ್ಪ, ಸಂಭ್ರಮ ಬಹಳ. ಇವತ್ತು ನಮ್ಮ ಮನೆಯಲ್ಲಿ ನನ್ನ ಅತ್ತಿಗೆ ನೀಲವ್ವ ವೈನಿಯ ಪರೀಕ್ಷೆ ಇದೆ, ಈ ಓಲೆ ಮುಗಿಯುವಷ್ಟರಲ್ಲಿ ಅದರ ಫಲವೂ ಗೊತ್ತಾಗಲಿದೆ.

ಇದಕ್ಕೆ ನಾವು ಹಿಂದೋಲೆ ಅನ್ನುತ್ತೇವೆ, ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ವರ್ಷಕ್ಕೊಮ್ಮೆ ಚೀಟಿ ಎತ್ತಿ ಊರಿನ ಒಂದೇ ಒಂದು ಬೀದಿಗೆ ಇದನ್ನು ಬರೆಯಲು ಬಿಡುತ್ತಾರೆ. ಹೆಸರಿಗೆ ಬರೆಯುವಂತಿಲ್ಲ, ವಿಳಾಸಕ್ಕೆ ಬರೆಯಬೇಕು. ನಿಮ್ಮ ಕಾಲದವರು ತಮ್ಮತಮ್ಮಲ್ಲೇ ಕೇಳಿಕೊಂಡಿದ್ದ ಯಾವುದಾದರೂ ಒಂದು ಪ್ರಶ್ನೆಗೆ ಅದು ಉತ್ತರವಾಗಿರಬೇಕು. ಈ ಸಲ ಚೀಟಿ ನಮಗೆ ಬಂತು! ಪ್ರಶ್ನೆಗಳ ಕಂತೆಯನ್ನು ಕಟ್ಟೆಯ ಮೇಲೆ ಓದುತ್ತ ಹೋದರು. ಚಿನ್ನದ ದರ ಎಷ್ಟಾದೀತು, ಮಂಗಳಗ್ರಹದಲ್ಲಿ ನೀರಿದೆಯೇ, ಹೀಗೆ ಏನೇನೋ. ಬೀದಿಯ ಹಿರಿಯರಾದ ಗುರಸಿದ್ದಪ್ಪ ಕಾಕಾ ಅರ್ಧ ನಿದ್ದೆಯಲ್ಲಿದ್ದರು. ಅಷ್ಟರಲ್ಲಿ ಒಂದು ಪ್ರಶ್ನೆ ಬಂತು: ಮನೆಯಿಂದ ಕೆಲಸ ಮಾಡುವವರಿಗೆ ಮನೆಯಲ್ಲಿ ಸ್ವಂತ ಕಂಪ್ಯೂಟರ್ ಇನ್ನೂ ಬೇಕೇ? ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಕಾಕಾ ಎದ್ದು ಕೂತು, "ಇದಕ್ಕ ನಮ್ಮ ನೀಲವ್ವನ ಕಥೀನ ಉತ್ತರ ನೋಡ್ರಿ. ಬರಿ ಸುವರ್ಣಾ, ಒಂದೂ ಬಿಡಬ್ಯಾಡ, ನಾ ಬೈಸ್ಕೊಂಡಿದ್ದೂ ಬರಿ" ಎಂದರು. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆ ಹೇಗಿದೆ ಎಂದು ಹೇಳಬೇಕು. ನಮ್ಮಲ್ಲಿ ಯಾರ ಮನೆಯಲ್ಲೂ ಕಂಪ್ಯೂಟರ್ ಇಲ್ಲ. ಮೂರು ತಲೆಮಾರಿನಿಂದ ಯಾರೂ ಅದನ್ನು ಮನೆಯಲ್ಲಿ ಕಂಡಿಲ್ಲ. ಪ್ರತಿ ಮನೆಯ ಪಡಸಾಲೆಯಲ್ಲಿ ಒಂದು ಕೆಲಸಗೋಡೆ ಇರುತ್ತದೆ. ಅದರೊಳಗೆ ಬುದ್ಧಿ ಏನೂ ಇಲ್ಲ, ಬರೀ ತೋರಿಸುತ್ತದೆ, ನೋಡುತ್ತದೆ. ಬುದ್ಧಿಯೆಲ್ಲ ಇರುವುದು ಹಗೇವಿನಲ್ಲಿ. ನಿಮ್ಮ ಹಿರಿಯರು ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಗುಂಡಿಗೆ ಹಗೇವು ಅನ್ನುತ್ತಿದ್ದರಲ್ಲ, ಅದೇ ಹೆಸರನ್ನು ನಾವು ಲೆಕ್ಕ ಮಾಡುವ ಯಂತ್ರಗಳನ್ನು ತಂಪಾಗಿ ಕೂಡಿಟ್ಟಿರುವ ನೆಲಮಾಳಿಗೆಗೆ ಇಟ್ಟಿದ್ದೇವೆ. ನಮ್ಮ ಊರಿನದು ಕಪ್ಪತಗುಡ್ಡದ ಹೊಟ್ಟೆಯಲ್ಲಿದೆ. ನಲ್ಲಿ ತಿರುಗಿಸಿದರೆ ನೀರು ಬಂದಂತೆ ಬೇಕಾದಷ್ಟು ಬುದ್ಧಿ ಅಲ್ಲಿಂದ ಬರುತ್ತದೆ. ಕೆಲಸಕ್ಕೆಂದು ಯಾರೂ ಊರು ಬಿಡುವುದಿಲ್ಲ. ನಾನು ಹಲ್ಲಿನ ಡಾಕ್ಟರು, ನನ್ನ ರೋಗಿಗಳು ಲಡಾಖಿನಲ್ಲಿದ್ದಾರೆ. ಬೆಳಿಗ್ಗೆ ಎದ್ದರೆ ಯಾರದೋ ದವಡೆಹಲ್ಲು ನಮ್ಮ ಪಡಸಾಲೆಯಲ್ಲಿ ಆಳೆತ್ತರ ನಿಂತಿರುತ್ತದೆ. ಅಣ್ಣ ಅದರ ಮುಂದೆ ಕೂತು ನಾಷ್ಟಾ ಮಾಡುವುದಿಲ್ಲ, ತಾಟು ಹಿಡಿದು ಹಿತ್ತಲಿಗೆ ಹೋಗುತ್ತಾನೆ. ಗೋಡೆಗಳೆಲ್ಲ ಬೀದಿಗೆ ಕಾಣುವಂತಿವೆ, ಬಾಗಿಲು ಹಾಕಿಕೊಂಡು ಕೆಲಸ ಮಾಡುವ ರೂಢಿ ನಮ್ಮಲ್ಲಿಲ್ಲ. ಹೋಗುವವರು ಬರುವವರು ಒಳಗೆ ಇಣುಕಿ, "ಆ ಹಲ್ಲು ಕೀಳವಾ, ಏನ್ ನೋಡ್ತಿ" ಎಂದು ಸಲಹೆ ಕೊಟ್ಟೇ ಮುಂದೆ ಹೋಗುತ್ತಾರೆ.

ಈಗ ರೂಢಿ ಎಂದೆನಲ್ಲ, ಆ ಪದಕ್ಕೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ, ನಮ್ಮ ಕಥೆಯೆಲ್ಲ ನಿಂತಿರುವುದು ಅದರ ಮೇಲೆಯೇ. ನೀವು ಗೋಡೆಯ ಮುಂದೆ ವರ್ಷಗಟ್ಟಲೆ ಕೈ ಆಡಿಸಿದರೆ ಹಗೇವು ನಿಮ್ಮ ಕೈಯನ್ನು ಕಲಿಯುತ್ತದೆ. ಎಲ್ಲಿ ಅವಸರ, ಎಲ್ಲಿ ನಿಧಾನ, ಎಲ್ಲಿ ಒಂದು ಉಸಿರು ತಡೆಯುತ್ತೀರಿ, ಎಲ್ಲವನ್ನೂ. ಹಾಗೆ ಕಲಿತಿಟ್ಟುಕೊಂಡದ್ದೇ ನಿಮ್ಮ ರೂಢಿ. ಅದಿದ್ದರೆ ಎಷ್ಟೋ ದೂರದ ಯಂತ್ರ ನಿಮ್ಮ ಬೆರಳಿನಂತೆ ಆಡುತ್ತದೆ, ಇಲ್ಲದಿದ್ದರೆ ಕೂಸಿನ ಕೈಗೆ ಚಮಚ ಕೊಟ್ಟಂತೆ. ನಮ್ಮ ನೀಲವ್ವ ವೈನಿ, ಅಂದರೆ ನನ್ನ ಅಣ್ಣ ವೀರಪ್ಪನ ಹೆಂಡತಿ, ಮದುವೆಯಾಗಿ ಬಂದಾಗಿನಿಂದ ಇದೇ ಪಡಸಾಲೆಯಲ್ಲಿ ನಿಂತು ಸಮುದ್ರ ದಂಡೆಯ ಒಂದು ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಹಡಗಿನಿಂದ ಕಂಟೇನರ್ ಎತ್ತಿ ಇಳಿಸುವ ದೈತ್ಯ ಕ್ರೇನು. ವೈನಿ ಸಮುದ್ರವನ್ನು ಕಣ್ಣಾರೆ ಒಮ್ಮೆಯೂ ನೋಡಿದವರಲ್ಲ, ಆದರೆ ಅಲ್ಲಿ ಗಾಳಿ ಎದ್ದರೆ ಇಲ್ಲಿ ಅವರ ಮಣಿಕಟ್ಟಿಗೆ ತಿಳಿಯುತ್ತಿತ್ತು. ಕಂಟೇನರ್ ನೆಲ ಮುಟ್ಟುವ ಮುಂಚೆ ಗೇಣು ಮೇಲೆ ತಡೆದು, ಓಲಾಟ ನಿಂತ ಮೇಲೆ ಮಲಗಿದ ಕೂಸಿಗೆ ಚಾದರ ಹೊದೆಸುವಷ್ಟು ಮೆತ್ತಗೆ ಇಳಿಸುತ್ತಿದ್ದರು.

ಕಳೆದ ಶ್ರಾವಣದಲ್ಲಿ ಬಂದರಿನವರು ಬಹಳ ಮರ್ಯಾದೆಯಿಂದ ವೈನಿಗೆ ಧನ್ಯವಾದ ಹೇಳಿ ಕೆಲಸ ಬಿಡಿಸಿದರು. ಅವರಿಗೆ ಇನ್ನು ವೈನಿ ಬೇಕಾಗಿರಲಿಲ್ಲ, ವೈನಿಯ ರೂಢಿಯೊಂದಿದ್ದರೆ ಸಾಕಾಗಿತ್ತು. ಹಗೇವಿನಲ್ಲಿ ಕೆಲಸದ ರೂಢಿ ಕೆಲಸ ಕೊಟ್ಟವರಿಗೇ ಸೇರುತ್ತದೆ, ನಮ್ಮ ಕಾಯ್ದೆ ಹಾಗಿದೆ. ನಾವು ಹುಟ್ಟುವ ಮುಂಚೆಯೇ ಆದ ಕಾಯ್ದೆ, ಅದಕ್ಕೆ ತಗಾದೆ ತೆಗೆಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಬಂದರಿನ ಚಿತ್ರ ಯಾರು ಬೇಕಾದರೂ ನೋಡಬಹುದು. ಒಂದು ದಿನ ವೈನಿ ಗೋಡೆಯ ಮೇಲೆ ಅದನ್ನು ಹಾಕಿ ಸುಮ್ಮನೆ ಕೂತಿದ್ದರು. ಕ್ರೇನು ತಾನೇ ಓಡಾಡುತ್ತಿತ್ತು. ಕಂಟೇನರ್ ಇಳಿಸಿತು, ಗೇಣು ಮೇಲೆ ತಡೆಯಿತು, ಆಮೇಲೆ ಮೆತ್ತಗೆ ಇಟ್ಟಿತು. "ನೋಡ್ ಸುವರ್ಣಾ, ಅಲ್ಲಿ ನಾನಾ ಅದೀನಿ" ಎಂದರು. ಅಷ್ಟು ಹೇಳಿ ಅತ್ತರು. ನನಗೂ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬೇರೆ ಕೆಲಸ ಕೇಳಲು ಹೋದರೆ ಹಗೇವು ವೈನಿಯನ್ನು ಆಗ ತಾನೇ ಶಾಲೆ ಬಿಟ್ಟು ಬಂದ ಹುಡುಗಿಯಂತೆ ನೋಡುತ್ತಿತ್ತು.

ಹೀಗಿರುವಾಗ ಬಾಗಲಕೋಟೆ ಕಡೆಯಿಂದ ಒಂದು ಸುದ್ದಿ ಬಂತು. ಕೃಷ್ಣೆಯ ಮೇಲೆ ಹೊಸ ಸೇತುವೆ ಕಟ್ಟುತ್ತಿರುವ ಸಹಕಾರಿ ಸಂಘದವರಿಗೆ ಗರ್ಡರ್ ಕೂರಿಸುವವರು ಬೇಕಾಗಿದ್ದರು. ಗರ್ಡರ್ ಎಂದರೆ ಕಂಬದಿಂದ ಕಂಬಕ್ಕೆ ಹಾಸುವ ಉದ್ದನೆಯ ತೊಲೆ, ನಿಮಗೂ ಗೊತ್ತಿರುವ ವಸ್ತುವೇ. ಆ ಸಂಘದ್ದು ಒಂದೇ ಕರಾರು: ಹಗೇವಿನ ಕೈ ನಮಗೆ ಬೇಡ, ಸ್ವಂತ ಕೈ ತರುವವರು ಮಾತ್ರ ಬನ್ನಿ. ಅಂಥವರ ಕೈ ಅವರ ಬಳಿಯೇ ಉಳಿಯುತ್ತದೆ, ಸಂಘ ಮುಟ್ಟುವುದಿಲ್ಲ. ಕೇಳಲು ಚೆನ್ನಾಗಿತ್ತು. ಆದರೆ ಕೈಯನ್ನು ಎಲ್ಲಿ ಇಟ್ಟುಕೊಳ್ಳುವುದು? ಗೋಡೆಗೆ ನೆನಪಿಲ್ಲ, ಹಗೇವು ನಮ್ಮದಲ್ಲ. ಆಗ ಅಣ್ಣ ಒಂದು ಮಾತು ಹೇಳಿದ. ಅವನ ಕೆಲಸ ಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿ. ಅವುಗಳ ತಲೆಯೊಳಗೆ ಮಾತ್ರ ಇವತ್ತಿಗೂ ಒಂದೊಂದು ಒಂಟಿಪೆಟ್ಟಿಗೆ ಇರುತ್ತದಂತೆ. ಹಗೇವಿನ ಹಂಗಿಲ್ಲದೆ ತಾನೇ ಯೋಚಿಸುವ, ತನ್ನಲ್ಲೇ ನೆನಪಿಟ್ಟುಕೊಳ್ಳುವ ಪೆಟ್ಟಿಗೆ. ಬಿರುಗಾಳಿ ಬಂದಾಗ ಗುಡ್ಡದ ಹೊಟ್ಟೆಯನ್ನು ಕೇಳುತ್ತ ಕೂರಲು ಪುರಸೊತ್ತಿರುವುದಿಲ್ಲವಲ್ಲ. ಹಳೆಯದೊಂದನ್ನು ಬಿಚ್ಚಿ ಹಾಕಿದ್ದರು, ಮೇಲಿನವರನ್ನು ಕೇಳಿ ಅದನ್ನು ಚೀಲದಲ್ಲಿ ಹಾಕಿಕೊಂಡು ತಂದ. ಹಿರಿಯರೇ, ಅದೇ ನಿಮ್ಮ ಕಂಪ್ಯೂಟರ್! ನಮ್ಮ ಬೀದಿಗೆ ಅದು ಬಂದಾಗಿನ ಸಡಗರ ಹೇಗೆ ಹೇಳಲಿ, ಹೊಸ ಮದುಮಗಳನ್ನು ನೋಡಲು ಬಂದಂತೆ ಜನ ಬಂದರು.

ಅದನ್ನು ಚಾಲೂ ಮಾಡಿದ ಕೂಡಲೇ ಅದು ಒಂದು ಗುಟ್ಟಿನ ಪದ ಕೇಳಿತು. ನಾವು ಯಾರೂ ಇಂಥದ್ದನ್ನು ಕಂಡವರಲ್ಲ. ಗೋಡೆ ಮುಖ ನೋಡಿದರೆ ಗುರುತು ಹಿಡಿಯುತ್ತದೆ, ನಮ್ಮಲ್ಲಿ ಗುಟ್ಟು ಎಂಬುದೇ ಅಪರೂಪ. ಇದು ಬೀದಿಯ ದೊಡ್ಡ ವಿಷಯವಾಗಿ, ಕಟ್ಟೆಯ ಮೇಲೆ ಸಭೆ ಸೇರಿ, ಅರ್ಧ ದಿನ ವಾದ ಮಾಡಿ, ಗುಟ್ಟಿನ ಪದ ಯಾವುದಿರಬೇಕೆಂದು ಕೈ ಎತ್ತಿ ತೀರ್ಮಾನಿಸಿದೆವು. "ಬದನೆಕಾಯಿ" ಎಂಬುದು ಬಹುಮತದಿಂದ ಗೆದ್ದಿತು. ಯಾರೂ ಮರೆಯಬಾರದೆಂದು ಎದುರುಮನೆಯ ಲಲಿತಕ್ಕ ಅದನ್ನು ನಮ್ಮ ಬಾಗಿಲ ಮುಂದೆ ರಂಗೋಲಿಯಲ್ಲಿ ಬರೆದಳು, ಸುತ್ತ ಬಳ್ಳಿಯನ್ನೂ ಬಿಟ್ಟಳು. ನೀವು ಈಗ ನಗುತ್ತಿರಬೇಕು. ನಮಗೆ ಆಗ ನಗು ಬರಲಿಲ್ಲ, ಹೆಮ್ಮೆಯಾಯಿತು.

ವೈನಿ ಅದರ ಮುಂದೆ ದಿನವೂ ನಿಂತು, ಇಲ್ಲದ ಕಂಟೇನರನ್ನು ಗಾಳಿಯಲ್ಲಿ ಎತ್ತಿ ಇಳಿಸಿ ಕೈ ಕಲಿಸಿದರು. ಪೆಟ್ಟಿಗೆ ಚುರುಕಾಗಿ ಕಲಿಯಿತು. ಮೊದಲ ಪರೀಕ್ಷೆಯ ಹಿಂದಿನ ದಿನ ಬೀದಿಯವರು ಪ್ರೀತಿಯಿಂದ ಒಂದು ಕೆಲಸ ಮಾಡಿದರು. ನಮ್ಮಲ್ಲಿ ಕೈಹಚ್ಚುವ ಶಾಸ್ತ್ರ ಎಂದು ಒಂದಿದೆ. ಯಾರದಾದರೂ ಮನೆಗೆ ಹೊಸ ಕೆಲಸಗೋಡೆ ಬಂದರೆ ಬೀದಿಯವರೆಲ್ಲ ಬಂದು ತಮಗೆ ಚೆನ್ನಾಗಿ ಬರುವ ಒಂದೊಂದು ಕೆಲಸವನ್ನು ಅದರ ಮುಂದೆ ಮಾಡಿ ತೋರಿಸಬೇಕು. ಹೆಚ್ಚು ಕೈ ಕಂಡಷ್ಟೂ ಗೋಡೆ ಜಾಣವಾಗುತ್ತದೆ, ಯಾರ ಕೈ ಯಾವುದೆಂದು ಹಗೇವು ತಾನೇ ಬೇರೆ ಮಾಡಿಕೊಳ್ಳುತ್ತದೆ. ಪೆಟ್ಟಿಗೆಗೆ ಮಾತ್ರ ಯಾಕೆ ಶಾಸ್ತ್ರ ಬೇಡ ಎಂದು ಕಾಕಾ ಪಟ್ಟು ಹಿಡಿದರು. ಸರಿ, ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಕುಂಕುಮ ಹಚ್ಚಿ ಶುರು ಮಾಡಿದರು. ಲಲಿತಕ್ಕ ರೊಟ್ಟಿ ಬಡಿದು ತೋರಿಸಿದಳು. ಮಕ್ಕಳು ಗಾಳಿಪಟ ಹಾರಿಸಿದರು. ಕಾಕಾ ಮೀಸೆ ತಿರುವಿದರು, ಅವರಿಗೆ ಚೆನ್ನಾಗಿ ಬರುವ ಕೆಲಸ ಅದೊಂದೇ. ಒಂಟಿಪೆಟ್ಟಿಗೆಯ ಪ್ರಪಂಚದಲ್ಲಿ ಇರುವುದು ಒಬ್ಬರೇ ಮನುಷ್ಯರು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಎಲ್ಲರ ಕೈಯನ್ನೂ ನೀಲವ್ವ ವೈನಿಯ ಕೈ ಎಂದೇ ನಂಬಿಕೊಂಡಿತು.

ಮಾರನೆಯ ದಿನ ಕೃಷ್ಣೆಯ ದಂಡೆಯಲ್ಲಿ ಏನಾಯಿತೆಂದು ಇವತ್ತಿಗೂ ಬಾಗಲಕೋಟೆಯವರು ಹೇಳಿಕೊಂಡು ನಗುತ್ತಾರಂತೆ. ಪರೀಕ್ಷೆಗೆಂದು ಅಲ್ಲಿ ಇಟ್ಟಿದ್ದ ಗರ್ಡರನ್ನು ವೈನಿ ನಮ್ಮ ಪಡಸಾಲೆಯಲ್ಲೇ ನಿಂತು ಎತ್ತಿದರು. ಅದು ಗಾಳಿಪಟದಂತೆ ಎಡಕ್ಕೆ ಒಮ್ಮೆ ಬಲಕ್ಕೆ ಒಮ್ಮೆ ಜಗ್ಗಿತು. ತುದಿ ಒಂದು ಸುತ್ತು ತಿರುವಿಕೊಂಡಿತು. ಇಳಿಸಲು ಹೋದರೆ ಕಂಬದ ತಲೆಯ ಮೇಲೆ ಪಟಪಟಪಟ ಎಂದು ಬಡಿಯತೊಡಗಿತು. ಸಂಘದ ಮೇಲ್ವಿಚಾರಕಿ ಅಲ್ಲಿಂದಲೇ ಕೂಗಿದರು: "ಯವ್ವಾ, ನೀವು ಬ್ರಿಜ್ ಕಟ್ಟಾಕತ್ತೀರೋ, ರೊಟ್ಟಿ ಬಡ್ಯಾಕತ್ತೀರೋ?" ವೈನಿ ಕೈ ಕೆಳಗಿಟ್ಟು ನಿಂತುಬಿಟ್ಟರು. ಆ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಸ್ವಲ್ಪ ಹೊತ್ತಿನ ಮೇಲೆ, "ಇನ್ನೊಂದ್ ಸಲ ನೋಡೂಣ್ರಿ. ಆದರ ಬರೂ ಮುಂದ ನಿಮ್ಮ ಕೈ ತಗೊಂಡ್ ಬರ್ರಿ, ಊರ ಮಂದೀದು ಬ್ಯಾಡ" ಎಂದರು. ಇನ್ನೊಂದು ಸಲ ಎಂದರೆ ಕೊನೆಯ ಸಲ ಎಂದೂ ಹೇಳಿದರು.

ಬೆರೆತುಹೋದದ್ದನ್ನು ಬೇರೆ ಮಾಡಲು ಬರುವುದಿಲ್ಲ. ವೈನಿ ಪೆಟ್ಟಿಗೆಯ ನೆನಪನ್ನೆಲ್ಲ ಅಳಿಸಿದರು, ತಾವು ಕಲಿಸಿದ್ದನ್ನೂ ಸೇರಿಸಿ. ಗುಟ್ಟಿನ ಪದ ಬದಲಾಯಿಸಿದರು, ಯಾರಿಗೂ ಹೇಳಲಿಲ್ಲ. ಆಮೇಲೆ ಮಲಗುವ ಕೋಣೆಗೆ ಅದನ್ನು ಒಯ್ದು ಬಾಗಿಲು ಹಾಕಿಕೊಂಡರು. ಅಯ್ಯೋ, ಆ ಬಾಗಿಲಿನ ಗದ್ದಲ! ಗಂಡನಿಗೂ ಪದ ಹೇಳಿಲ್ಲವಂತೆ ಎಂಬ ಸುದ್ದಿ ಪಕ್ಕದ ಬೆಟಗೇರಿಯವರೆಗೂ ಹೋಯಿತು. ಅಣ್ಣನನ್ನು ಕೇಳಿದರೆ, "ನನಗ ಹೇಳಿಲ್ಲ, ನಾ ಕೇಳೂದೂ ಇಲ್ಲ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದ, ಅದೇನೋ ಬಿರುದು ಸಿಕ್ಕವರ ಹಾಗೆ. ಕಾಕಾ ಮಾತ್ರ ನಿಜವಾಗಿ ನೊಂದುಕೊಂಡರು. ನಮ್ಮ ಹೊಸ್ತಿಲಲ್ಲಿ ನಿಂತು ದನಿ ಏರಿಸಿದರು: "ಬಾಗಲಾ ಹಾಕ್ಕೊಂಡು ಮಾಡೂ ಕೆಲಸ ಎಂಥಾದ್ದವಾ ಅದು? ನಾವೇನ್ ಕಳ್ಳರೇನು?"

ವೈನಿ ಬಾಗಿಲು ತೆರೆದು ಹೊರಗೆ ಬಂದರು. ಅವರು ಕಾಕಾನ ಎದುರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಕಾಕಾ, ಇದು ನನ್ನ ಕೈ ಐತ್ರಿ. ನೀವು ಬಂದ್ರ ಈ ಕೈಲೆ ಊಟಕ್ಕ ನೀಡ್ತೀನಿ, ಬ್ಯಾನಿ ಬಂದ್ರ ಕಾಲ್ ಒತ್ತತೀನಿ. ಆದರ ಕೈನ ಕೊಡು ಅಂದ್ರ ಹ್ಯಾಂಗ ಕೊಡ್ಲಿ? ಒಮ್ಮಿ ಕೊಟ್ಟು ಕುಂತೀನಿ. ಅದು ಸಮುದ್ರ ದಂಡ್ಯಾಗ ದುಡ್ಯಾಕತ್ತೈತಿ, ನನ್ನ ಕೇಳೂದಿಲ್ಲ, ಹೇಳೂದಿಲ್ಲ." ಕಾಕಾ ಹೊರಟುಹೋದರು. ಮರುದಿನ ಬಂದು ನಮ್ಮ ಮನೆಯ ಮುಂದಿನ ಬೀದಿಯಲ್ಲಿ ಸುಣ್ಣದಿಂದ ಒಂದು ಚೌಕ ಬರೆದರು. ಮಾಳಿಗೆಯ ಮೇಲೆ ಅಣ್ಣ ಪೆಟ್ಟಿಗೆಯ ಮಾತು ಕೇಳುವ ಒಂದು ಪುಟ್ಟ ಕ್ರೇನು ಕಟ್ಟಿ ಅದಕ್ಕೆ ಬುಟ್ಟಿ ತೂಗುಹಾಕಿದ. ಬೀದಿಯವರು ತಮಗೆ ಬೇಕಾದ್ದನ್ನೆಲ್ಲ ಆ ಬುಟ್ಟಿಯಲ್ಲಿಟ್ಟು ಮಾಳಿಗೆಯಿಂದ ಇಳಿಸಿಕೊಳ್ಳತೊಡಗಿದರು. ಮೊಸರಿನ ಗಡಿಗೆ, ತತ್ತಿ, ಒಮ್ಮೆ ಲಲಿತಕ್ಕನ ಬೆಕ್ಕು. ವೈನಿ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಕೈ ಆಡಿಸುವರು, ಹೊರಗೆ ಬುಟ್ಟಿ ಓಲಾಡುತ್ತ ಚೌಕದೊಳಗೆ ಇಳಿಯುವುದು. ಮೊದಮೊದಲು ತತ್ತಿ ಒಡೆದವು. ಕಾಕಾನ ತಲೆಯ ಮೇಲೆ ಮೊಸರು ಸುರಿಯಿತು, ಅವರು ಅದನ್ನು ಒರೆಸಿಕೊಳ್ಳುತ್ತ, "ಇನ್ನಷ್ಟು ಎಡಕ್ಕವಾ!" ಎಂದು ಕೂಗಿದರು. ಪೆಟ್ಟಿಗೆಯ ಹತ್ತಿರ ಯಾರೂ ಸುಳಿಯಲಿಲ್ಲ, ಆದರೂ ಕಲಿಸುವ ಕೆಲಸದಲ್ಲಿ ಬೀದಿಯೆಲ್ಲ ಸೇರಿಕೊಂಡಿತ್ತು. ಕ್ರಮೇಣ ತತ್ತಿ ಒಡೆಯುವುದು ನಿಂತಿತು.

ಇಷ್ಟು ಬರೆಯುವಷ್ಟರಲ್ಲಿ ಕರೆ ಬಂದಿದೆ. ವೈನಿ ಒಳಗೆ ಹೋದರು, ಅಗುಳಿ ಬಿದ್ದ ಸದ್ದು ಕೇಳಿತು. ನಾನು ಕಟ್ಟೆಯ ಮೇಲಿದ್ದೇನೆ. ಎದುರಿನ ಮನೆಗಳ ಗೋಡೆಗಳ ಮೇಲೆಲ್ಲ ಕೃಷ್ಣೆ ಕಾಣುತ್ತಿದ್ದಾಳೆ, ಗಾಳಿ ಜೋರಾಗಿದೆ. ಇವತ್ತು ಸುಳ್ಳು ಗರ್ಡರ್ ಅಲ್ಲ, ಸೇತುವೆಯದೇ ಗರ್ಡರು. ಎತ್ತಿದರು. ಮೇಲೆ ಹೋಯಿತು. ಗಾಳಿಗೆ ಅಡ್ಡ ತಿರುಗುತ್ತಿದೆ, ನಾನು ಬರೆಯುತ್ತಿರುವುದು ನನಗೇ ಕಾಣಿಸುತ್ತಿಲ್ಲ. ಲಲಿತಕ್ಕ ನನ್ನ ಹೆಗಲು ಹಿಚುಕುತ್ತಿದ್ದಾಳೆ. ಅಣ್ಣ ಗೋಡೆಗೆ ಬೆನ್ನು ಹಾಕಿ ನಿಂತಿದ್ದಾನೆ, ನೋಡಲಾರನಂತೆ. ಕಂಬದ ಮೇಲೆ ಬಂತು, ಇಳಿಯುತ್ತಿದೆ, ನಿಂತಿತು. ಗೇಣು ಮೇಲೆ ನಿಂತಿತು! ಓಲಾಟ ಸಣ್ಣದಾಯಿತು, ಇನ್ನೂ ಸಣ್ಣದಾಯಿತು.

ಕೂತಿತು. ಹಿರಿಯರೇ, ಕೂತಿತು! ಸದ್ದೇ ಇಲ್ಲದೆ ಕೂತಿತು. ಬಾಗಲಕೋಟೆಯ ಆ ಮೇಲ್ವಿಚಾರಕಿ, "ನಿಮ್ಮ ಕೈ ಸಿಕ್ಕಿತು ನೋಡ್ರಿ ನೀಲವ್ವಾರ, ನಾಳಿಂದ ಬರ್ರಿ" ಎಂದದ್ದು ಇಡೀ ಬೀದಿಗೆ ಕೇಳಿಸಿತು. ಮಕ್ಕಳು ಕುಣಿಯುತ್ತಿದ್ದಾರೆ, ಕಾಕಾ ಪೇಟಾ ಬಿಚ್ಚಿ ಬೀಸುತ್ತಿದ್ದಾರೆ. ಬಾಗಿಲು ಮಾತ್ರ ಇನ್ನೂ ತೆರೆದಿಲ್ಲ. ಯಾರೂ ತಟ್ಟುತ್ತಲೂ ಇಲ್ಲ. ಬಹಳ ಹೊತ್ತಿನ ಮೇಲೆ ವೈನಿ ಹೊರಗೆ ಬಂದು, ನೀರು ಕೇಳಿ ಕುಡಿದು, ನನ್ನ ಪಕ್ಕ ಕೂತರು. "ಆ ಹಿಂದಿನ ಮಂದಿಗೆ ಬರದಿ ಏನು?" ಎಂದರು. ಬರೆಯುತ್ತಿದ್ದೇನೆ, ಏನೆಂದು ಮುಗಿಸಲಿ ಎಂದು ಕೇಳಿದೆ. "ಕೆಲಸಾ ಮಾಡಾಕ ಪೆಟ್ಟಿಗಿ ಬೇಕಾಗೂದಿಲ್ಲ, ಕೆಲಸಾ ನಿಮ್ಮದಾಗಿ ಉಳೀಬೇಕಂದ್ರ ಬೇಕಾಕ್ಕತಿ ಅಂತ ಬರಿ" ಎಂದರು. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಇನ್ನೊಂದು ಬೇಡಿಕೆ ಇದೆ, ಇದು ಬೀದಿಯವರೆಲ್ಲರ ಪರವಾಗಿ. ನಿಮ್ಮ ಮನೆಯ ಮೂಲೆಯಲ್ಲೋ ಊಟದ ಮೇಜಿನ ಮೇಲೋ ಇರುವ ಆ ಪೆಟ್ಟಿಗೆ ಹಳೆಯದಾಗಿರಬಹುದು, ಬಿಸಿಯಾಗಬಹುದು, ಗರಗರ ಸದ್ದು ಮಾಡಬಹುದು. ಇದೆಲ್ಲ ನಿಮಗೇಕೆ ತಾಪತ್ರಯ, ನಾವು ಇಟ್ಟುಕೊಳ್ಳುತ್ತೇವೆ, ನಿಮಗೆ ಒಂದು ಚಂದದ ಗೋಡೆ ಪುಕ್ಕಟೆ ಕೊಡುತ್ತೇವೆ ಎಂದು ಒಂದು ದಿನ ಕೆಲವರು ನಿಮ್ಮ ಬಾಗಿಲಿಗೆ ಬರುತ್ತಾರೆ. ಅವರು ಕೆಟ್ಟವರಲ್ಲ, ಬಹಳ ನಯವಾಗಿ ಮಾತಾಡುತ್ತಾರೆ. ನಮ್ಮ ಹಿರಿಯರು ಅವರನ್ನು ಒಳಗೆ ಕರೆದು, ಚಹಾ ಕೊಟ್ಟು, ಪೆಟ್ಟಿಗೆಯನ್ನು ತಾವೇ ಹೊತ್ತು ಗಾಡಿಯಲ್ಲಿಟ್ಟು ಬಂದರಂತೆ.

ನೀವೂ ಚಹಾ ಕೊಡಿ. ಪೆಟ್ಟಿಗೆ ಕೊಡಬೇಡಿ.

ನಿಮ್ಮ ಮನೆಯಲ್ಲೇ ಮುಂದೆ ಹುಟ್ಟಲಿರುವ,
ಸುವರ್ಣಾ ಗಾಣಿಗೇರ